ತೂಗಿದ ಮಂಜು

ಬೆಯ್ನೆವ್ ಪೇಟೆಯಿಂದ ನಲವತ್ತು ಕಿಲೋಮೀಟರ್ ಆಚೆ
ಮರವೆಂಬುದೇ ಇಲ್ಲದ ಕಜಕ್ ಬಯಲಲ್ಲಿ
ಒಂದು ಬೇಲಿ, ಎರಡು ಒಂಟೆ, ಮಿಕ್ಕಿದ್ದೆಲ್ಲ ಗಾಳಿ.
ನಡುವೆ ನೆಟ್ಟಗೆ ನಿಂತ ಉಕ್ಕಿನ ಹಂಡೆ,
ಹೊಟ್ಟೆಯೊಳಗೆ ಹನ್ನೆರಡು ಫಿಲ್ಟರು,
ಎಪ್ಪತ್ತು ಬಾರ್ ಒತ್ತಡ.

ಒಳಗೆ ಏನಾಗುತ್ತದೆಂದು ಕಂಡವರಿಲ್ಲ,
ಕಂಡವರಂತೆ ಮಾತಾಡುವವರು ಬಹಳ.
ತೊಕ್ತಾರ್‌ಬೆಕ್ ಹೇಳುತ್ತಾನೆ: ಜರಡಿ ಕಣೇ ಮರ್ಜಾನ್,
ಎಣ್ಣೆ ಈಚೆ, ಅನಿಲ ಆಚೆ, ಮುಗಿಯಿತು.

ಜರಡಿಯಲ್ಲ ಮಾರಾಯ.
ಗಾಜಿನ ಎಳೆಗಳ ಸಂದು ದೊಡ್ಡದು, ಹನಿ ಚಿಕ್ಕದು,
ಬೇಕಿದ್ದರೆ ಸಲೀಸಾಗಿ ದಾಟಿಬಿಡಬಹುದು.
ಆದರೆ ಅದರ ನಡಿಗೆ ನೆಟ್ಟಗಿಲ್ಲ.
ಅನಿಲ ಆ ಕಡೆ ತಳ್ಳಿ ಈ ಕಡೆ ತಳ್ಳಿ
ಕುಡಿದವನ ಹಾಗೆ ತೂರಾಡಿ
ಎಲ್ಲೋ ಒಂದು ಎಳೆಗೆ ತಾಗಿ ಅಂಟಿಕೊಳ್ಳುತ್ತದೆ.
ಹಿಂದೆ ಬಂದದ್ದು ಅದರ ಮೇಲೇ ಬೀಳುತ್ತದೆ.
ಎರಡು ಒಂದಾಗುತ್ತವೆ, ಕುಲ ಕೇಳದೆ.

ಒಂದಾದದ್ದು ಸುಮ್ಮನಿರುವುದಿಲ್ಲ.
ಎಳೆ ಎಳೆ ಕೂಡುವ ಮೂಲೆಯಲ್ಲಿ ಮಡುಗಟ್ಟಿ,
ನೂಕಿಸಿಕೊಂಡು, ತನ್ನದೇ ಕಾಲುದಾರಿ ಮಾಡಿಕೊಂಡು
(ಪಕ್ಕದಲ್ಲೇ ಒಣಗಿದ ಜಾಗ, ಅಲ್ಲಿಗೆ ಹೋಗುವುದಿಲ್ಲ)
ಹೊರ ಮೈಗೆ ಬಂದು ತೆಳ್ಳನೆ ಪೊರೆಯಾಗುತ್ತದೆ.
ಇನ್ನು ಇಳಿದರೆ ಸಾಕು. ತಳಕ್ಕೆ. ಅಷ್ಟೇ ಕೆಲಸ.

ಅಲ್ಲೇ ಇದೆ ಎಡವಟ್ಟು.
ಎಪ್ಪತ್ತು ಬಾರ್‌ನಲ್ಲಿ ಅನಿಲಕ್ಕೂ ಮೈಭಾರ,
ಸವರಿ ಹೋಗುವುದಿಲ್ಲ ಅದು, ಜಗ್ಗುತ್ತದೆ.
ಎಣ್ಣೆಯೊಳಗೇ ಅಷ್ಟಿಷ್ಟು ಕರಗಿ ಸೇರಿಕೊಂಡು
ಅದರ ತೊಗಲಿನ ಬಿಗಿಯನ್ನೇ ಸಡಿಲಿಸುತ್ತದೆ.
ಇಳಿಯುತ್ತಿದ್ದ ಪೊರೆಯ ಅಂಚು ಹರಿದು
ಮತ್ತೆ ಹನಿ, ಮತ್ತೆ ಮಂಜು,
ಹಿಡಿದದ್ದೆಲ್ಲ ಹಾರಿ ಕಂಪ್ರೆಸರಿನ ಬಾಯಿಗೆ.

ಬಾತಿಮಾ ಅಜ್ಜಿ ಉಣ್ಣೆ ಬಡಿಯುತ್ತಿದ್ದಳು.
ನೇಯ್ಗೆಯಿಲ್ಲದ ಕಂಬಳಿ ಅದು,
ಬಿಸಿನೀರು ಚಿಮುಕಿಸಿ, ಸುತ್ತಿ, ಉರುಳಿಸಿ,
ಮೊಣಕೈಯಿಂದ ಒತ್ತಿ ಒತ್ತಿ ಮಾಡಿದ್ದು.
ಮಳೆಯ ರಾತ್ರಿ ಡೇರೆಯೊಳಗೆ ಮಲಗಿ ನಾನು ಕೈ ಎತ್ತಿದರೆ
ಗದರುತ್ತಿದ್ದಳು: ಬೆರಳು ತಾಗಿಸಬೇಡ,
ಅದು ಹಿಡಿದುಕೊಂಡಿದೆ, ನೀನು ಮುಟ್ಟಿದರೆ ಬಿಡುತ್ತದೆ.
ಮುಟ್ಟಿದೆ. ಮುಟ್ಟಿದ ಕಡೆಯೇ ಬೆಳಗಿನ ತನಕ ಸೋರಿತು.

ಫೆಬ್ರವರಿಯಲ್ಲಿ ಎಣ್ಣೆ ದಾಟಿ ಬಂದಾಗ
ಹಂಡೆ ತೆರೆಯಲು ನನ್ನನ್ನೇ ಕಳಿಸಿದರು.
ವಾಲ್ವನ್ನು ಕಾಲು ಸುತ್ತು, ಮತ್ತೆ ಕಾಲು ಸುತ್ತು.
ಅರವತ್ತು, ನಲವತ್ತು, ಒಂಬತ್ತು.
ಒತ್ತಡ ಇಳಿದಂತೆ ಒಳಗೆ ಬುಸುಬುಸು ಸದ್ದು:
ಕರಗಿದ್ದ ಅನಿಲ ಎಣ್ಣೆಯನ್ನು ನೊರೆಯೆಬ್ಬಿಸಿ
ಹೊರಟು ಹೋಗುತ್ತಿತ್ತು,
ಮದುವೆ ಮನೆಯಿಂದ ಉಂಡವರು ಎದ್ದ ಹಾಗೆ,
ಚಾಪೆ ಎಲೆ ಎಲ್ಲ ಕಲಸಿ.

ಫಿಲ್ಟರನ್ನು ಮಗುವಿನಂತೆ ಎತ್ತಿ ತಕ್ಕಡಿಗಿಟ್ಟೆ.
ಒಣಗಿದಾಗ ಎರಡು ಕಿಲೋ ನೂರು ಗ್ರಾಂ.
ಈಗ ಮೂರು ಕಿಲೋ ನಾನೂರು, ಮತ್ತು ಇನ್ನೂ ತೊಟ್ಟಿಕ್ಕುತ್ತಿದೆ.
ಬುಡದಿಂದ ಒಂದು ಗೇಣಿನವರೆಗೆ ಕಪ್ಪು ಪಟ್ಟಿ,
ಮೇಲೆ ಅಲ್ಲೊಂದು ಇಲ್ಲೊಂದು ಕಲೆ.
ಹೀಗೇ ಇತ್ತೇ ಒಳಗೆ?
ಇದು ಇದ್ದ ಮನೆಯೇ, ಬಿಟ್ಟು ಹೋದ ಮನೆಯೇ?

ಫೋರ್‌ಮನ್ ಸಗಿಂದಿಕ್ ಕಾಗದ ಕೊಟ್ಟ.
ಎಷ್ಟು ಎಂಬ ಖಾನೆ ತುಂಬಿದೆ.
ಎಲ್ಲಿ ಎಂಬ ಖಾನೆಯಲ್ಲಿ, ಬೆರಳಿನ ಎಣ್ಣೆ ಅಂಟಿದರೂ ಅಂಟಲಿ ಎಂದು,
ಬರೆದೆ: ತೆರೆಯುವ ಮುಂಚೆ ಇತ್ತು.

ಅವನು ಓದಿ, ಹೊಡೆದು ಹಾಕಿ,
'ತಳಭಾಗ' ಎಂದು ತಿದ್ದಿದ.