ಮೂರು, ಆಮ್ಯಾಲ ಒಂದು

ಗಣಿ ಗಂಟಿಯ ಭಾಷೆ ನನಗ ಗೊತ್ತು.
ಒಂದು ಬಡದ್ರ ಮ್ಯಾಲ ಎತ್ತು.
ಎರಡು ಬಡದ್ರ ಕೆಳಗ ಬಿಡು.
ಮೂರು ಬಡದ್ರ ಹುಷಾರು,
ತೊಟ್ಟಿಲೊಳಗ ಮನಷ್ಯಾರದಾರ, ಅದಿರಲ್ಲ,
ಹಗೂರಕ ನಡಸು.
(ಕೇಜಿಗೆ ನಾವು ತೊಟ್ಟಿಲು ಅಂತೀವಿ.
ಯಾರು ಇಟ್ಟ ಹೆಸರೋ.)

ಹತ್ತೊಂಬತ್ತು ವರ್ಷ ಹಟ್ಟಿಯೊಳಗ
ಈ ಕುರ್ಚಿ ಮ್ಯಾಲ ಕುಂತೀನಿ.
ನೆಲದ ಹೊಟ್ಟಿಗೆ ಎಷ್ಟು ಮಂದಿನ ಇಳಿಸೀನಿ
ಅಷ್ಟೂ ಮಂದಿನ ತಿರುಗಿ ಎತ್ತೀನಿ.
ಒಬ್ಬಾಕಿನ್ನ ಬಿಟ್ಟು.

ಆಕಿಗೆ ಬರೇ ಐದು ಫೂಟು.
ಹಗ್ಗ ಎರಡು, ಹಿಡದವ್ರು ನಾಕು ಮಂದಿ,
ಗಂಟಿ ಯಾರೂ ಬಡೀಲಿಲ್ಲ.

ಹೆಪ್ಸಿಬಾ ಅಂತ ಹೆಸರು.
ಈಕಿ ಅಂದ್ರ ನನಗ ಖುಷಿ, ಅಂತ ಅರ್ಥ.
ಸಾಲಿ ಹಾಜರಿಯೊಳಗ ಎಪ್ಸಿಬಾಯಿ.
ಅದಕ್ಕೂ ನಕ್ಕೋತ "ಬಂದೀನ್ರೀ" ಅಂತಿದ್ಲು.
ಮುಂದಿನ ಎರಡು ಹಲ್ಲು ಬಿದ್ದು
ಒಂದು ಅರ್ಧ ಬಂದಿತ್ತು.
ಆ ಹಲ್ಲು ಇನ್ನಾ ಬೆಳೀತೈತೇನು ಅಂತ
ಒಮ್ಮೊಮ್ಮೆ ರಾತ್ರಿ ಕೇಳ್ತೀನಿ.
ಯಾರನ್ನ ಕೇಳ್ತೀನಿ ಗೊತ್ತಿಲ್ಲ.

ಐದು ದಿನದ ಜ್ವರ.
ಅಂಬುಲೆನ್ಸು ಕವಿತಾಳ ದಾಟಿತು, ಸಿರವಾರ ದಾಟಿತು.
ಸುವಾರ್ತಿ ಆಕಿ ಕಾಲು ತೊಡಿ ಮ್ಯಾಲಿಟಗೊಂಡು
ತಿಕ್ಕತಾ ಇದ್ಲು, ತಿಕ್ಕತಾ ಇದ್ಲು.
ನಾನು ಪ್ರಾರ್ಥನಿ ಹೇಳ್ತಿದ್ದೆ,
ದಿನಾ ಹೇಳೋದು, ಪರಲೋಕದ ತಂದಿಗೆ.
ಕಲ್ಮಲ ಹತ್ರ ಚಿತ್ತದ ಮಾತಿಗೆ ಬಂದೆ.
ಸುವಾರ್ತಿ ತಿಕ್ಕೋದು ನಿಲ್ಲಿಸಿದ್ಲು.

ಅವತ್ತಿಂದ ಆ ಮಾತು ನನಗ ಬರೂದಿಲ್ಲ.
ಐತವಾರ ಇಡೀ ಸಭೆ ಹೇಳ್ತೈತಿ,
ನನ್ನ ಬಾಯಿ ಅಲ್ಲಿಗೆ ಬಂದು ಮುಚ್ಚಿಕೊಳ್ತೈತಿ,
ಮುಂದ ರೊಟ್ಟಿ ಕೇಳೋ ಹೊತ್ತಿಗೆ ಮತ್ತ ತೆರೀತೈತಿ.
ಆಚಿ ಕಡಿ ಹೆಣ್ಮಕ್ಕಳೊಳಗಿಂದ ಸುವಾರ್ತಿ
ಅದಷ್ಟ ಮಾತು ಸ್ವಲ್ಪ ಜೋರಲೆ ಹೇಳ್ತಾಳ,
ಇಬ್ಬರದೂ ಸೇರಿಸಿ.

ಮಂದಿ ಬಂದ್ರು.
ದೇವರಿಗೆ ಹೂವು ಬೇಕಾಗಿತ್ತು ಅಂದ್ರು.
ಮೊಗ್ಗು ಹರಿಯೋ ದೇವರು ನನಗ ಪರಿಚಯ ಇಲ್ಲ.
ಪಾಸ್ಟರ್ ತಿಮೋತೆಪ್ಪನೋರು ಒಬ್ಬರೇ ಏನೂ ಅನಲಿಲ್ಲ.
ಬೂಟು ಕಳದು ಕಟ್ಟಿ ಮ್ಯಾಲ ಕುಂತು
ಆಕಿ ಪಾಟಿಚೀಲ ನೋಡಿ
ಸಣ್ಣ ಹುಡುಗನಂಗ ಬಿಕ್ಕಿ ಬಿಕ್ಕಿ ಅತ್ರು.
ಇಷ್ಟು ವರ್ಷ ಅವ್ರು ಮಾಡಿದ ಪ್ರಸಂಗದೊಳಗ
ನನಗ ನೆನಪಿರೋದು ಅದೊಂದ.

ಹೋದ ವಾರ ಸಂಡೇ ಸ್ಕೂಲಿನ್ಯಾಗ
ಸುವಾರ್ತಿ ಕಲಿಸೋ ಪಾಠ: ಸತ್ತ ಹುಡುಗಿ ಎದ್ದದ್ದು.
ಬ್ಯಾಡ, ಬ್ಯಾರೆಯಾಕಿ ಕಲಿಸಲಿ ಅಂದೆ. ಕೇಳಲಿಲ್ಲ.
ಬಾಗಿಲ ಹಿಂದ ನಿಂತೆ.
ಯೇಸು ಆಕಿ ಕೈ ಹಿಡದ, ಏಳವ್ವಾ ಅಂದ, ಎದ್ಲು.
ಹುಡುಗ್ರು ಚಪ್ಪಾಳಿ ಹೊಡದ್ವು.
"ಆಮ್ಯಾಲ ಏನಂದ, ಹೇಳ್ರಿ ನೋಡೂಣು?"
ಯಾರಿಗೂ ಗೊತ್ತಿರಲಿಲ್ಲ. ನನಗೂ.
"ಹುಡುಗಿ ಹಸದಾಳ, ಏನರ ತಿನ್ನಾಕ ಕೊಡ್ರಿ ಅಂದ."
ಅಂದು, ಗ್ವಾಡಿ ಕಡಿ ಮಾರಿ ಮಾಡಿ ಒಂದೀಟು ನಿಂತು,
ಬೋಗಾಣಿ ಮುಚ್ಚಳ ತೆಗದ್ಲು.
ಸೂಸಲ, ಮ್ಯಾಲ ಪುಟಾಣಿ ಹಿಟ್ಟು, ಒಂದೊಂದು ಮಿರ್ಚಿ.
ಹದಿನೇಳು ಹುಡುಗ್ರು.
ಪೇಪರಿನ ಪೊಟ್ಣ ಹದಿನೆಂಟು.
ಉಳದದ್ದು ತಂದು ನನ್ನ ಕೈಯಾಗ ಇಟ್ಲು.
ನಿಂತಲ್ಲೇ ತಿಂದೆ. ಖಾರ ಇತ್ತು.

ರಾತ್ರಿ ಪಾಳಿ. ಕೆಳಗಿಂದ ಗಂಟಿ ಬಂತು.
ಮೂರು. ಆಮ್ಯಾಲ ಒಂದು.
ಮನಷ್ಯಾರದಾರ, ಎತ್ತು.
ಎತ್ತಿದೆ. ಹಣಿ ಮ್ಯಾಲ ದೀಪ ಹೊತ್ತ ಮಾರಿಗಳು
ಒಂದೊಂದಾಗಿ ಹೊರಗ ಬಂದ್ವು.
ಕಿಟಕ್ಯಾಗಿಂದ ಎಣಿಸಿದೆ. ಎಲ್ಲಾರೂ ಬಂದಾರ.

ಸ್ವಾಮೀ,
ಆ ಮಾತು ನನಗ ಇನ್ನಾ ಬರೂದಿಲ್ಲ, ಸಿಟ್ಟಾಗಬ್ಯಾಡ.
ನೀನೂ ಮೂರು ದಿನ ಕೆಳಗ ಇದ್ದು ಬಂದಾಂವ,
ಅಲ್ಲಿ ಕತ್ತಲ ನಿನಗ ಗೊತ್ತು.
ಗಂಟಿ ಹಗ್ಗ ಆಕಿ ಕೈಗೆ ನಿಲುಕೂದಿಲ್ಲ,
ಗಿಡ್ಡಿ ಅದಾಳ.
ನೀನ ಬಡಿ.
ನಾನು ಕುರ್ಚಿ ಬಿಟ್ಟು ಏಳಾಂವಲ್ಲ.