ಹನ್ನೆರಡೂವರೆ ಸಾವಿರದ್ದು

ಮಡಗಾಂವಿನಲ್ಲಿ ಕೊಂಡದ್ದು. ಚೌಕಾಸಿಗೆ ಸಿಕ್ಕ ಬೆಲ್ಟು
ಮೊದಲ ವರ್ಷವೇ ಹರಿಯಿತು.

ಕೋಡಿಬಾಗದ ಗಾಳಿಗೆ ತಂತಿ ತಿಂಗಳೂ ಬಾಳುವುದಿಲ್ಲ.
ತುಕ್ಕು ಬೆರಳಿಗೆ ಹತ್ತಿ
ಬೆಳಿಗ್ಗೆ ಅಂಕೋಲೆ ಬಸ್ಸಿನಲ್ಲಿ
ನಾನು ವಾಪಸು ಕೊಡುವ ನೋಟಿನ ಮೇಲೂ ಕಂದು ಗೆರೆ.

ಮೂರನೇ ಆಷಾಢಕ್ಕೆ ಹೊಟ್ಟೆ ಉಬ್ಬಿ ಬಿರುಕು ಬಿಟ್ಟಿತು.
ದೋಣಿ ಕಟ್ಟುವ ಇನಾಸ್ ಮೇಸ್ತ ಅಂಟು ಮೆತ್ತಿ,
‘ಇನ್ನು ಕಾಳಿ ಹೊಳೆಗಿಳಿಸಿದರೂ ಸೋರುವುದಿಲ್ಲ’ ಎಂದ.
ಸೋರಲಿಲ್ಲ, ನಿಜ.
ದನಿ ಮಾತ್ರ ಅಂದಿನಿಂದ ನೆಗಡಿಯಾದಂತೆ.

ಎಫ್ ಕಾರ್ಡು ಬರಲೇ ಇಲ್ಲ.
ತಪ್ಪು ಮರದ್ದೆಂದು ಒಂಬತ್ತು ವರ್ಷ ನಂಬಿದ್ದೆ,
ಮಾರಲೆಂದು ಎರಡು ಸಲ ಒರೆಸಿಯೂ ಇಟ್ಟಿದ್ದೆ.

ಮೊನ್ನೆ ಅಕ್ಕನ ಮಗಳು ಸೆಲಿನ್
ಕೇಳದೆ ಕೆಳಗಿಳಿಸಿ, ಅದೇ ತುಕ್ಕು ತಂತಿಯಲ್ಲಿ
ಅದೇ ಎಫ್ ಹಿಡಿದಳು.

ನಾನು ಬಂಗಡೆ ತೊಳೆಯುವ ನೆಪದಲ್ಲಿ
ಅಡುಗೆಮನೆಯಲ್ಲಿ ನಿಂತಿದ್ದೆ,
ನಲ್ಲಿ ತಿರುಗಿಸದೆ.