ಹದಿನಾಲ್ಕನೆಯ ತಂತಿ

ಕಂಬ ಕಾಣುತ್ತದೆ, ತಂತಿ ಕಾಣುವುದಿಲ್ಲ.
ಹನ್ನೊಂದು ವರ್ಷ ರಾಣೆಬೆನ್ನೂರು ಸೆಕ್ಷನ್ನಿನಲ್ಲಿ
ಲೈನ್‌ಮನ್ ಆಗಿ ಕಂಬ ಹತ್ತಿದವನಿಗೆ
ಇದನ್ನು ಹೇಳಿಕೊಡಬೇಕಿರಲಿಲ್ಲ.
ಆದರೂ ಕಾರೆಲ್ ಮೊದಲ ದಿನವೇ ಹೇಳಿದ, ಹೆಲ್ಮೆಟ್ ಒರೆಸುತ್ತ:
ಫಕೀರ್, ನನಗೆ ಕಂಬ ತೋರಿಸು ಸಾಕು,
ಎರಡು ಕಂಬದ ನಡುವೆ ಸಾವಿದೆ ಅಂತ
ನಾನೇ ತಿಳಿದುಕೊಳ್ಳುತ್ತೇನೆ.

ಫಕ್ಕೀರೇಶ ನನ್ನ ಹೆಸರು. ಇಲ್ಲಿ ಅರ್ಧಕ್ಕೇ ನಿಂತಿದೆ.
ಅರಬಿಯಲ್ಲಿ ಬಡವ ಅಂತ ಅರ್ಥವಂತೆ.
ತೋಟದ ಖಲ್ಫಾನ್ ಪ್ರತಿ ಸಲ ಕರೆದು ನಗುತ್ತಾನೆ,
ನಗುತ್ತಲೇ ಇನ್ನೊಂದು ಬಟ್ಟಲು ಕಹ್ವಾ ಸುರಿಯುತ್ತಾನೆ.

ರುಸ್ತಾಕಿನ ಆಚೆ, ಬೋಳು ಗುಡ್ಡಗಳೆರಡು
ಒತ್ತಿ ಒತ್ತಿ ನಡುವೆ ಉಳಿಸಿದ ಸೆರಗಿನಗಲ ಹಸಿರು.
ಖರ್ಜೂರಕ್ಕೆ ಹುಳ ಬಿದ್ದಿದೆ, ದುಬಾಸ್ ಅನ್ನುತ್ತಾರೆ.
ಎಳ್ಳಿನಷ್ಟು ಜೀವ. ಗರಿಯೆಲ್ಲ ಜೇನು ಸುರಿದಂತೆ ಅಂಟು.
ಕೆಳಗೆ ನಿಂತರೆ ಅಂಗಿಗೂ ಇರುವೆ ಮುತ್ತುತ್ತವೆ.
ಅದಕ್ಕೇ ಏಪ್ರಿಲ್ಲಿನ ನಸುಕಿಗೆ, ಗಾಳಿ ಏಳುವ ಮೊದಲು,
ಹೆಲಿಕಾಪ್ಟರ್.

ನನ್ನ ಕೆಲಸ ಹಿಂದಿನ ದಿನದ್ದು.
ಕಣಿವೆಯುದ್ದ ನಡೆಯುವುದು, ತಲೆಯೆತ್ತಿ ಎಣಿಸುವುದು,
ನಕ್ಷೆಯಲ್ಲಿ ಕೆಂಪು ಗೆರೆ ಎಳೆಯುವುದು.
ಈ ಊರಿಗೆ ಹದಿಮೂರು.

ಗರಿಗಳಿಂದ ಎರಡಾಳು ಮೇಲೆ ಹಾರುತ್ತಾನೆ ಕಾರೆಲ್.
ಅಷ್ಟು ಕೆಳಗೆ ಆಕಾಶವೇ ಇರುವುದಿಲ್ಲ, ಬರೀ ತಿರುವು, ಅನ್ನುತ್ತಾನೆ.
ತುಂಬಿದ ಟ್ಯಾಂಕು ತಿರುವಿನಲ್ಲಿ ಎಮ್ಮೆಯಂತೆ ಎಳೆಯುತ್ತದೆ.
ಮೂಡಣಕ್ಕೆ ತಿರುಗಿದರೆ ಗಾಜಿನ ತುಂಬ ಸೂರ್ಯ,
ಪಡುವಣಕ್ಕೆ, ಕಪ್ಪು ಬಂಡೆಯ ಮೇಲೆ ಕಪ್ಪು ತಂತಿ.
ಎಂಜಿನ್ ಕೆಮ್ಮಿದರೆ
ಇಳಿಯುವ ಜಾಗ ಹುಡುಕುವಷ್ಟು ಎತ್ತರವಿಲ್ಲ,
ಬೀಳಲು ಬೇಕಾದಷ್ಟಿದೆ.

ಆ ಸಂಜೆ ಎಣಿಕೆ ಮುಗಿಸಿ ಬರುವಾಗ
ಮುಜ್ನಾ ಕರೆದಳು, ಬಂಡೆಯ ಮೇಲಿನ ಮನೆಯ ಮುದುಕಿ.
ತೋಟದಾಚೆಯ ಹಟ್ಟಿಯಲ್ಲಿ ಆಡು ಈಯುವುದಿದೆ,
ಒಂದು ಬಲ್ಬು ಬೇಕು, ಮೊಮ್ಮಗ ಸುಹಾರಿಗೆ ಹೋಗಿದ್ದಾನೆ.
ಕೈ ತುರಿಸಿತು.
ಎಷ್ಟು ವರ್ಷವಾಗಿತ್ತು ಈ ಕೈ ತಂತಿ ಎಳೆದು!
ಮನೆಯ ಸೂರಿನಿಂದ ಹಟ್ಟಿಯ ಗಳುವಿಗೆ
ಮರಗಳ ತಲೆ ಸವರಿ ಬಿಗಿದೆ, ಜೋಲು ಬೀಳದಂತೆ.
ಬಲ್ಬು ಹತ್ತಿತು. ಆಡಿನ ಕಣ್ಣೂ.
ಬೊಗಸೆ ತುಂಬ ಖರ್ಜೂರ ಕೊಟ್ಟಳು.
ತಿನ್ನುತ್ತ ಕ್ಯಾಂಪಿಗೆ ಬಂದೆ, ಮಲಗಿದೆ.

ಬೆಳಿಗ್ಗೆ ಔಷಧಿ ಕಲಸುತ್ತಿದ್ದೆ, ಬಾಯಿಗೆ ಮಾಸ್ಕು.
ಫಲಜಿನ ಕಾಲುವೆಗೆ ಹುಡುಗರು ತಾಡಪಾಲು ಮುಚ್ಚುತ್ತಿದ್ದರು.
ನಾಲ್ಕನೆಯ ಸುತ್ತಿಗೆ ರೆಕ್ಕೆಯ ಸದ್ದು ಒಂದು ಅಕ್ಷರ ನುಂಗಿತು.
ಅಷ್ಟೇ. ಒಂದೇ ಅಕ್ಷರ.
ಆಗ ನೆನಪಾಯಿತು.
ಓಡಲು ಎಲ್ಲಿಗೆ?
ಕೈಯಲ್ಲಿ ಬಕೀಟು ಹಿಡಿದೇ ನಿಂತಿದ್ದೆ.

ಮೂಗಿನಡಿಯ ಕತ್ತರಿ ತನ್ನ ಕೆಲಸ ಮಾಡಿತ್ತು.
ಸಣ್ಣ ತಂತಿ, ಹಾಗಾಗಿ ಅವನು ಇಳಿದ.
ದೊಡ್ಡದಾಗಿದ್ದರೆ ಬೇರೆ ಕವಿತೆ, ಬೇರೆಯವರು ಬರೆಯಬೇಕಿತ್ತು.
ಕಾಲಿಗೆ ಸುತ್ತಿಕೊಂಡು ಬಂದಿದ್ದ ಮೊಳದುದ್ದದ ತುಂಡನ್ನು
ನನ್ನ ಮುಂದೆ ಹಿಡಿದ.
ತುದಿಯಲ್ಲಿ ಗಂಟು,
ಎಡಕ್ಕೆ ಹೊಸೆದದ್ದು.

ಇಂಧನದ ಚೀಟಿಗೆ ಸಹಿ ಹಾಕಬೇಕಿತ್ತು.
ಹಾಕಿದೆ. ನನ್ನ ಎಡಗೈಯನ್ನೇ ನೋಡುತ್ತಿದ್ದ.
ಏನೂ ಅನ್ನಲಿಲ್ಲ. ನಾನೂ.
ಗಂಟನ್ನು ಬಿಚ್ಚಲು ಸ್ವಲ್ಪ ಹೊತ್ತು ಹೆಣಗಿ
ಗಟ್ಟಿಯಾಗಿದೆ, ಅಂದ.

ಹಟ್ಟಿಯಲ್ಲಿ ಅಷ್ಟರಲ್ಲಿ ಎರಡು ಮರಿ.
ಬಲ್ಬು ಆರಿದ್ದು ಹಗಲಾದ ಮೇಲೆ,
ಮುದುಕಿಗೆ ಗೊತ್ತೇ ಆಗಿರಲಿಲ್ಲ.

ಮರುದಿನ ನಸುಕಿಗೆ ಹೆಲ್ಮೆಟ್ ಒರೆಸುತ್ತ ಕೇಳಿದ:
ಫಕೀರ್, ಎಷ್ಟು?
ಹದಿನಾಲ್ಕು ಅಂದೆ.
ನಕ್ಷೆಯಲ್ಲಿ ಎಣಿಸಿ ನೋಡಿದ, ಹದಿಮೂರು ಗೆರೆ.
ಪೆನ್ಸಿಲ್ಲು ನನ್ನ ಕೈಗೆ ಕೊಟ್ಟು
ನಾನು ಎಳೆಯುವ ತನಕ ಕಾದ.